ತೊಟ್ಟು ಹಣ್ಣಿಗೆ, ಮೊಗ್ಗು ಮರಕ್ಕೆ

ತೋಟದ ಬಾಗಿಲಲ್ಲೇ ಖಾಲಿ ಚೀಲಕ್ಕೆ ದುಡ್ಡು ಕೊಡಬೇಕು. ಕೊಯ್ದು ತಂದ ಮೇಲೆ ತೂಗಿ ಲೆಕ್ಕ ಹಾಕುವ ತೋಟಗಳೂ ಇವೆ. ಆದರೆ ಬಾಸ್ಟನ್ನಿನಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆಯ ದಾರಿಯಲ್ಲಿ ಸ್ಟೋ, ಬೋಲ್ಟನ್, ಹಾರ್ವರ್ಡ್ ಎಂಬ ಊರುಗಳಿವೆ, ಅಲ್ಲಿ ನಾವು ಹೋಗುವ ಸೇಬಿನ ತೋಟಗಳಲ್ಲಿ ಮೊದಲು ಚೀಲ ಕೊಳ್ಳಬೇಕು, ಆಮೇಲೆ ಒಳಗೆ ಬಿಡುತ್ತಾರೆ. (ಈ ಹಾರ್ವರ್ಡ್ ಒಂದು ಹಳ್ಳಿ. ವಿಶ್ವವಿದ್ಯಾಲಯ ಇರುವುದು ಕೇಂಬ್ರಿಜ್‌ನಲ್ಲಿ. ಫೋನಿನಲ್ಲಿ ಬರೀ ‘ಹಾರ್ವರ್ಡ್’ ಎಂದು ಒತ್ತಿ, ಪೇಟೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಫೋನ್ ಮಾಡಿದ ನೆಂಟರು ನಮ್ಮಲ್ಲೇ ಇದ್ದಾರೆ.) ಸಾಗರದಿಂದ ಮೊದಲ ಸಲ ಬಂದಿದ್ದ ಅಮ್ಮ ಆ ಚೀಲವನ್ನು ತಿರುಗಿಸಿ ನೋಡಿ, ‘ಕೊಯ್ಯೋರೂ ನಾವೇ, ದುಡ್ಡು ಕೊಡೋರೂ ನಾವೇ. ನಮ್ಮ ಕೊನೆಗೌಡ ಕೇಳಿದ್ರೆ ಬಿದ್ದು ಬಿದ್ದು ನಗ್ತಾನೆ’ ಅಂದಳು.

ಅಡಿಕೆ ಕೊಯ್ಯುವವನಿಗೆ ಕೂಲಿ ಕೊಟ್ಟು, ಊಟ ಹಾಕಿ, ಬಾ ಮಾರಾಯಾ ಎಂದು ನಾಲ್ಕು ಸಲ ಕರೆದರೂ ಬರುವ ದಿನ ಅವನೇ ನಿಶ್ಚಯಿಸುವ ಊರಿನವಳು ಅವಳು. ಹಾಗಂದದ್ದರಲ್ಲಿ ತಪ್ಪಿಲ್ಲ. ಈ ವ್ಯವಹಾರದ ಗುಟ್ಟು ಇರುವುದೂ ಅವಳ ಮಾತಿನಲ್ಲೇ. ಇಲ್ಲಿಯೂ ಕೊಯ್ಲಿಗೆ ಆಳಿಲ್ಲ.

ತಿನ್ನುವ ಸೇಬನ್ನು ಇವತ್ತಿಗೂ ಕೈಯಿಂದಲೇ ಕೊಯ್ಯಬೇಕು. ಮರ ಅಲುಗಾಡಿಸಿ ಉದುರಿಸಿದರೆ ಹಣ್ಣು ಜಜ್ಜಿಹೋಗಿ ರಸ ತೆಗೆಯಲಿಕ್ಕಷ್ಟೇ ಬರುತ್ತದೆ. ನ್ಯೂ ಇಂಗ್ಲೆಂಡಿನ ದೊಡ್ಡ ತೋಟಗಳು ಎರಡನೇ ಮಹಾಯುದ್ಧದ ಕಾಲದಿಂದಲೂ ಜಮೈಕಾದಿಂದ ಕೊಯ್ಲಿನವರನ್ನು ಕರೆಸುತ್ತಿವೆ. ಈಗ ಅವರು ಬರುವುದು ಎಚ್-2ಎ ಎಂಬ ಕೃಷಿ ವೀಸಾದಲ್ಲಿ. ನಮ್ಮ ಸಾಫ್ಟ್‌ವೇರಿನವರ ಎಚ್-1ಬಿಗೆ ದಾಯಾದಿ ಅನ್ನಿ. ಅವರ ಓಡಾಟ, ವಸತಿ ಎಲ್ಲ ತೋಟದ ಯಜಮಾನನ ತಲೆಯ ಮೇಲೆ. ಕೊಯ್ದ ಮೇಲೆ ವಿಂಗಡಿಸಬೇಕು, ಪೆಟ್ಟಿಗೆ ತುಂಬಬೇಕು, ಶೀತಲಗೃಹದಲ್ಲಿಡಬೇಕು, ಲಾರಿಗೆ ಹಾಕಬೇಕು. ಇಷ್ಟು ಮಾಡಿ ಸಗಟು ಪೇಟೆಗೆ ಹೋದರೆ ಎದುರಿಗೆ ನಿಲ್ಲುವುದು ವಾಷಿಂಗ್ಟನ್ ರಾಜ್ಯ. ಅಮೆರಿಕದ ಸೇಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಆ ಒಂದೇ ರಾಜ್ಯದಲ್ಲಿ. ಅದರ ದರದ ಮುಂದೆ ಐವತ್ತು ಎಕರೆಯ ಒಂದು ಕುಟುಂಬ ಏನು ಮಾಡೀತು? ಗಿರಾಕಿಯನ್ನೇ ಮರದ ಬುಡಕ್ಕೆ ಕರೆತಂದರೆ ಕೊಯ್ಲಿನಿಂದ ಲಾರಿಯವರೆಗಿನ ಖರ್ಚು ಉಳಿಯುತ್ತದೆ, ಅಂಗಡಿಯ ಬೆಲೆ ನೇರ ಕೈಗೆ ಬರುತ್ತದೆ. ಅದಕ್ಕೇ ಕಾರು ನಿಲ್ಲಿಸಲು ಕೈ ತೋರಿಸುವವನು ಮನೆಯ ಹೈಸ್ಕೂಲು ಹುಡುಗ, ಚೀಲ ಕೊಡುವವಳು ಸೊಸೆ, ಟ್ರ್ಯಾಕ್ಟರಿನ ಮೇಲೆ ಅಜ್ಜ.

ಈ ತೋಟಗಳು ಸೈಟುಗಳಾಗದೆ ಉಳಿದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೆಸಾಚುಸೆಟ್ಸ್‌ನಲ್ಲಿ ‘61ಎ’ ಎಂದು ಕರೆಯುವ ಕಾನೂನಿನ ಪ್ರಕಾರ ಕೃಷಿ ನಡೆಯುತ್ತಿರುವ ಭೂಮಿಗೆ ಕೃಷಿಭೂಮಿಯ ಬೆಲೆಯ ಮೇಲೆ ಮಾತ್ರ ತೆರಿಗೆ. ಅಲ್ಲಿ ಮನೆ ಕಟ್ಟಿದರೆ ಎಷ್ಟು ಬಾಳುತ್ತದೆ ಎಂಬ ಲೆಕ್ಕ ಹಿಡಿಯುವುದಿಲ್ಲ. ಮನೆ ಕಟ್ಟಲೆಂದು ಯಜಮಾನ ಅದನ್ನು ಮಾರಲು ಹೊರಟರೆ, ಅದೇ ಬೆಲೆಗೆ ಕೊಳ್ಳುವ ಮೊದಲ ಹಕ್ಕು ಊರಿಗೆ.

ಇನ್ನು ಚೀಲದ ಅಳತೆ. ‘ಪೆಕ್’, ‘ಅರ್ಧ ಬುಷೆಲ್’ ಎಂಬ ಮಾತು ಕೇಳಿ ಹೊಸಬರು ಕಣ್ಣುಬಿಡುತ್ತಾರೆ. ಇವು ನಮ್ಮ ಸೇರು-ಕೊಳಗದ ಹಾಗೆ ತುಂಬಿ ಅಳೆಯುವ ಮಾನಗಳು. ಒಂದು ಬುಷೆಲ್ಲೆಂದರೆ ಸುಮಾರು 35 ಲೀಟರ್ ಜಾಗ. ಅದರಲ್ಲಿ ಹಿಡಿಯುವ ಸೇಬು ಹತ್ತಿರ ಹತ್ತಿರ 19 ಕಿಲೊ. ಅದರ ಕಾಲುಭಾಗ ಒಂದು ಪೆಕ್, ಅಂದರೆ ಸುಮಾರು ನಾಲ್ಕೂವರೆ ಕಿಲೊ, ಮೂವತ್ತರ ಆಸುಪಾಸು ಹಣ್ಣು. ನಾಲ್ಕು ಜನರ ಮನೆಗೆ ಒಂದು ಪೆಕ್ ಸಾಕು. ದೊಡ್ಡ ಚೀಲಕ್ಕೆ ಕಿಲೊ ಲೆಕ್ಕದಲ್ಲಿ ಬೆಲೆ ಕಡಿಮೆ ಬೀಳುತ್ತದೆ ಎಂದು ಅರ್ಧ ಬುಷೆಲ್ ಹೊತ್ತುಕೊಂಡು ಬಂದವರು ಎರಡು ವಾರದ ಮೇಲೆ ಪಕ್ಕದ ಮನೆಗಳ ಬಾಗಿಲು ತಟ್ಟುತ್ತಾರೆ. ನಾವೂ ತಟ್ಟಿದ್ದೇವೆ.

ಚೌತಿಗೊಂದು, ನವರಾತ್ರಿಗೊಂದು

ಯಾವ ದಿನ ಹೋಗುವುದು ಎಂದು ಕೇಳುವ ಮೊದಲು ಯಾವ ಸೇಬಿಗೆ ಹೋಗುವುದು ಎಂದು ಕೇಳಿಕೊಳ್ಳಬೇಕು. ಅಂಗಡಿಯಲ್ಲಿ ಎಲ್ಲ ಜಾತಿಯೂ ಎಲ್ಲ ಕಾಲದಲ್ಲೂ ಇರುತ್ತದೆ. ತೋಟದಲ್ಲಿ ಒಂದೊಂದು ತಳಿಗೂ ಹತ್ತು-ಹದಿನೈದು ದಿನದ ಸರದಿ. ಆಗಸ್ಟ್ ಕೊನೆಗೆ ಪಾಲಾ ರೆಡ್ ಶುರುಮಾಡುತ್ತದೆ. ಸೆಪ್ಟೆಂಬರಿನ ಮೊದಲರ್ಧ ಮ್ಯಾಕಿಂಟಾಶ್, ಅದರ ಬೆನ್ನಿಗೆ ಗಾಲಾ, ಹನಿಕ್ರಿಸ್ಪ್, ಕಾರ್ಟ್‌ಲ್ಯಾಂಡ್. ತಿಂಗಳ ಕೊನೆಗೆ ಮಕೌನ್, ಎಂಪೈರ್. ಅಕ್ಟೋಬರಿನಲ್ಲಿ ಗೋಲ್ಡನ್ ಡಿಲಿಷಸ್, ರೆಡ್ ಡಿಲಿಷಸ್, ಮುತ್ಸು. ಎಲ್ಲರ ಹಿಂದಿನಿಂದ ಫೂಜಿ. ನಮ್ಮ ಮನೆಯಲ್ಲಿ ನೆನಪಿಗೆ ಹಬ್ಬದ ಲೆಕ್ಕವಿದೆ. ಚೌತಿಗೆ ಮ್ಯಾಕಿಂಟಾಶ್, ನವರಾತ್ರಿಗೆ ಮಕೌನ್, ದೀಪಾವಳಿ ಹತ್ತಿರ ಬಂದಾಗ ಫೂಜಿ. ಅಧಿಕಮಾಸ ಬಂದ ವರ್ಷ ಈ ಲೆಕ್ಕ ತಲೆಕೆಳಗಾಗುತ್ತದೆ, ಆಗ ತೋಟದ ಫೋನೇ ಗತಿ.

ಹೇಗೂ ಹೊರಡುವ ದಿನ ಬೆಳಿಗ್ಗೆ ವಿಚಾರಿಸಿಕೊಳ್ಳಲೇಬೇಕು. ಭಾನುವಾರದ ಮುತ್ತಿಗೆಯಲ್ಲಿ ಹಣ್ಣಾದ ಸಾಲುಗಳು ಖಾಲಿಯಾಗಿ, ಉಳಿದದ್ದು ಮಾಗಲೆಂದು ತೋಟವನ್ನೇ ಎರಡು ದಿನ ಮುಚ್ಚುವುದುಂಟು. ಅಕ್ಟೋಬರಿನ ಎರಡನೇ ಸೋಮವಾರ ಸರ್ಕಾರಿ ರಜೆ. ಶನಿವಾರ, ಭಾನುವಾರ ಸೇರಿ ಆ ಮೂರು ದಿನ ನಮ್ಮ ಕಡೆಯ ಜಾತ್ರೆಯಷ್ಟು ಜನ, ತೋಟಕ್ಕಿಂತ ಉದ್ದ ಕಾರಿನ ಸಾಲು. ವಾರದ ನಡುವಿನ ಬೆಳಗು ಸಿಕ್ಕರೆ ಬಿಡಬೇಡಿ.

ಒಂದೊಂದು ವರ್ಷ ತೋಟವೇ ಬಾಗಿಲು ತೆರೆಯುವುದಿಲ್ಲ. ಇಲ್ಲಿ ಸೇಬು ಹೂಬಿಡುವುದು ಮೇ ತಿಂಗಳಲ್ಲಿ. ಅರಳಿದ ಹೂವಿಗೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿನ ಚಳಿ ತಾಗಿದರೆ ಸ್ವಲ್ಪ ಹೂ ಸಾಯುತ್ತದೆ, ನಾಲ್ಕು ಡಿಗ್ರಿ ಕೆಳಗಿಳಿದರೆ ಬಹುಪಾಲು ಹೋದಂತೆ. 2023ರ ಮೇ 18ರ ಬೆಳಗಿನ ಜಾವ ನ್ಯೂ ಇಂಗ್ಲೆಂಡಿನ ಎಷ್ಟೋ ತೋಟಗಳಲ್ಲಿ ಆದದ್ದು ಇದೇ. ಒಂದು ರಾತ್ರಿಯಲ್ಲಿ ವರ್ಷದ ಬೆಳೆ ಹೋಯಿತು. ಇಳಿಜಾರಿನ ಮೇಲ್ಭಾಗದ ಮರಗಳು ಕೆಲವೆಡೆ ಬಚಾವಾದವು. ತಣ್ಣನೆಯ ಗಾಳಿ ಭಾರ, ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಹಳೆಯ ಸೇಬಿನ ತೋಟಗಳು ಗುಡ್ಡದ ಓರೆಯಲ್ಲೇ ಏಕಿವೆ ಎನ್ನುವುದಕ್ಕೆ ಉತ್ತರ ಇದು. ಸುತ್ತಿನ ನೋಟ ಚೆನ್ನಾಗಿರುವುದು ನಮಗೆ ಸಿಕ್ಕ ಕೊಸರು.

ಕೈ ಹೇಗಿರಬೇಕು

ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಕೆಂಪಗೆ ಕಂಡದ್ದನ್ನು ಹಿಡಿದು ಕೆಳಕ್ಕೆ ಜಗ್ಗಿದೆ. ಹಣ್ಣಿನ ಜೊತೆಗೆ ಒಂದು ಬೆರಳುದ್ದದ ಗಂಟುಗಂಟು ಕಡ್ಡಿ, ಎರಡು ಎಲೆ ಬಂದವು. ಕೊಂಬೆ ಮೇಲಕ್ಕೆ ಚಿಮ್ಮಿದ ರಭಸಕ್ಕೆ ಇನ್ನೂ ಮೂರು ಹಣ್ಣು ನೆಲಕ್ಕೆ ಬಿದ್ದವು. ಟ್ರ್ಯಾಕ್ಟರಿನಿಂದ ಇಳಿದ ಅಜ್ಜ ಬೈಯಲಿಲ್ಲ. ಆ ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಅದರ ತುದಿಯ ಉಬ್ಬಿದ ಮೊಗ್ಗನ್ನು ಉಗುರಿನಿಂದ ತೋರಿಸಿ, ಇದು ಮುಂದಿನ ವರ್ಷದ್ದು ಎಂದರು.

ತೋಟದವರು ಆ ಮೋಟುಕಡ್ಡಿಗೆ ಸ್ಪರ್ ಎನ್ನುತ್ತಾರೆ. ವರ್ಷಕ್ಕೆ ಕೂದಲೆಳೆಯಷ್ಟು ಬೆಳೆಯುವ ಈ ಕಡ್ಡಿಯಲ್ಲೇ ಸೇಬು ಮತ್ತೆ ಮತ್ತೆ, ಹಲವು ವರ್ಷ ಕಾಯಿ ಕಚ್ಚುವುದು. ಈ ವರ್ಷದ ಕಾಯಿ ಇನ್ನೂ ಹಸಿರು ಗೋಲಿಯ ಗಾತ್ರ ಇರುವಾಗಲೇ, ಬೇಸಿಗೆಯ ಮೊದಲ ವಾರಗಳಲ್ಲಿ, ಬರುವ ಮೇ ತಿಂಗಳ ಹೂವು ಮೊಗ್ಗಿನೊಳಗೆ ಮೂಡತೊಡಗುತ್ತದೆ. ನಾವು ಸೆಪ್ಟೆಂಬರಿನಲ್ಲಿ ಮರಕ್ಕೆ ಕೈಹಾಕುವಾಗ ಎರಡು ವರ್ಷದ ಫಸಲು ಅಂಗುಲದ ಅಂತರದಲ್ಲಿ ಕೂತಿರುತ್ತದೆ. ಕೊಯ್ಲಿನ ಕೆಲಸವನ್ನು ಅಪರಿಚಿತರ ಕೈಗೆ ಕೊಡುವ ಯಜಮಾನನ ಎದೆ ಎಷ್ಟು ಹೊಡೆದುಕೊಳ್ಳುತ್ತದೋ! ಬಾಗಿಲಲ್ಲಿ ತೂಗುಹಾಕಿದ ನಿಯಮಗಳಲ್ಲಿ ಮುಕ್ಕಾಲುಪಾಲು ಈ ಒಂದು ಅಂಗುಲದ ಕಾವಲಿಗೇ ಇವೆ.

ಸರಿಯಾದ ಕ್ರಮ ಹೀಗೆ. ಅಂಗೈಯನ್ನು ಹಣ್ಣಿನ ತಳಕ್ಕೆ ಕೊಡಿ. ಬೆರಳಿನಿಂದ ಒತ್ತಬೇಡಿ, ಒತ್ತಿದ ಗುರುತು ಮರುದಿನ ಕಂದಾಗಿ ಕಾಣುತ್ತದೆ. ಹಣ್ಣನ್ನು ಆಕಾಶದ ಕಡೆಗೆ ಎತ್ತಿ, ಹಾಗೇ ಸ್ವಲ್ಪ ತಿರುಗಿಸಿ. ಬಲಿತ ಸೇಬಿನ ತೊಟ್ಟು ಕಡ್ಡಿಗೆ ಅಂಟಿದ ಕಡೆ ಬಿಟ್ಟುಕೊಳ್ಳಲು ತಯಾರಾಗಿ ನಿಂತಿರುತ್ತದೆ, ಅಷ್ಟಕ್ಕೇ ಬರುತ್ತದೆ. ಬಾರದಿದ್ದರೆ ಬಲ ಹಾಕಬೇಡಿ, ಅದಿನ್ನೂ ಹಣ್ಣಾಗಿಲ್ಲ. ಒಂದೇ ಕುಚ್ಚಿನಲ್ಲಿ ಎರಡು ಇದ್ದರೆ ಇನ್ನೊಂದನ್ನು ಎಡಗೈಯಲ್ಲಿ ಹಿಡಿದುಕೊಳ್ಳಿ. ಚೀಲಕ್ಕೆ ಎಸೆಯಬೇಡಿ, ಇಡಿ. ತೊಟ್ಟು ಮಾತ್ರ ಹಣ್ಣಿನ ಜೊತೆಗೇ ಬರಬೇಕು. ತೊಟ್ಟು ಕಿತ್ತ ಗುಳಿಯಿಂದಲೇ ಕೊಳೆ ಒಳಗೆ ನುಗ್ಗುವುದು.

ಇದನ್ನೆಲ್ಲ ಅಮ್ಮನಿಗೆ ವಿವರಿಸಲು ಹೊರಟರೆ ಅವಳು ನನಗಿಂತ ಮೊದಲೇ ನಾಲ್ಕು ಹಣ್ಣು ತೊಟ್ಟು ಸಮೇತ ಕೊಯ್ದು ಇಟ್ಟಿದ್ದಳು. ‘ತೊಟ್ಟು ಮುರಿದ ಅಪ್ಪೆಮಿಡಿ ಯಾರಾದ್ರೂ ಉಪ್ಪಿಗೆ ಹಾಕ್ತಾರೇನೇ? ಇದೂ ಹಾಗೇ ಮಾರಾಯ್ತಿ.’ ಮಿಡಿ ಕೊಯ್ದ ಕೈಗೆ ಪಾಠ ಬೇಕಾಗಿರಲಿಲ್ಲ.

ಹಣ್ಣಾಗಿದೆಯೋ ಇಲ್ಲವೋ ತಿಳಿಯಲು ಕೆಂಪನ್ನು ನಂಬಬೇಡಿ. ಕೆಂಪು ಬರುವುದು ಬಿಸಿಲು ಮತ್ತು ತಂಪು ರಾತ್ರಿಗಳಿಂದ, ಅದು ಮಾಗಿದ್ದಕ್ಕೆ ಸಾಕ್ಷಿಯಲ್ಲ. ಕೆಂಪಿನ ಹಿಂದೆ, ತೊಟ್ಟಿನ ಗುಳಿಯ ಸುತ್ತ ಕಾಣುವ ಹಸಿರನ್ನು ನೋಡಿ. ಅದು ಎಲೆಹಸಿರಿನಿಂದ ಹಳದಿಯ ಕಡೆಗೆ ತಿರುಗಿದ್ದರೆ ಹಣ್ಣು ಸಿದ್ಧ. ಮರದ ಹೊರಮೈಯಲ್ಲಿ, ಬಿಸಿಲು ಬೀಳುವ ಕಡೆಯಲ್ಲಿ ಇರುವುದು ಮೊದಲು ಮಾಗುತ್ತದೆ, ಬೊಡ್ಡೆಯ ಹತ್ತಿರದ್ದು ಆಮೇಲೆ. ಅನುಮಾನವಿದ್ದರೆ ಒಂದನ್ನು ಕತ್ತರಿಸಿ, ಬೀಜ ಕಂದುಬಣ್ಣಕ್ಕೆ ಬಂದಿರಬೇಕು. ತೋಟದವರು ಮಾಡುವ ಪರೀಕ್ಷೆ ಇನ್ನೂ ಚೆಂದ. ಅಡ್ಡ ಕೊಯ್ದ ಹೋಳಿಗೆ ಅಯೋಡಿನ್ ಸವರುತ್ತಾರೆ. ಬಲಿಯದ ಹಣ್ಣಿನಲ್ಲಿ ಪಿಷ್ಟ ತುಂಬಿರುವುದರಿಂದ ಹೋಳು ಕಪ್ಪುನೀಲಿಯಾಗುತ್ತದೆ. ಮಾಗುತ್ತಾ ಪಿಷ್ಟ ಸಕ್ಕರೆಯಾದಂತೆಲ್ಲ ನಡುವಿನಿಂದ ಹೊರಕ್ಕೆ ಬಿಳುಪು ಹರಡುತ್ತದೆ. ಶಾಲೆಯಲ್ಲಿ ಆಲೂಗಡ್ಡೆಗೆ ಮಾಡಿದ ಪ್ರಯೋಗವೇ ಇದು.

ಮ್ಯಾಕಿಂಟಾಶ್‌ನ ಸ್ವಭಾವ ಮಾತ್ರ ಬೇರೆ. ಮಾಗುತ್ತಿದ್ದಂತೆ ಅದು ಮರದಲ್ಲಿ ನಿಲ್ಲುವುದಿಲ್ಲ, ಪಟಪಟನೆ ಉದುರುತ್ತದೆ. ಅದರ ಸಾಲಿನಲ್ಲಿ ಮೆಲ್ಲಗೆ ನಡೆಯಿರಿ, ಮಕ್ಕಳು ಕೊಂಬೆಗೆ ಜೋತುಬೀಳದಂತೆ ನೋಡಿಕೊಳ್ಳಿ.

ಬೀಜ ಒಯ್ದರೆ ಬರುವುದಿಲ್ಲ

ಮರ ಹತ್ತಬೇಡಿ ಎಂದು ಬರೆದಿರುತ್ತಾರೆ, ಆದರೆ ಹತ್ತುವುದಕ್ಕೆ ಮರವೇ ಇಲ್ಲ. ಹೊಸ ತೋಟಗಳಲ್ಲಿ ತಂತಿಗೆ ಕಟ್ಟಿ ನಿಲ್ಲಿಸಿದ ಕಡ್ಡಿಯಂಥ ಗಿಡಗಳು, ಆಳೆತ್ತರಕ್ಕೆ ಸ್ವಲ್ಪ ಮೇಲೆ. ಅಮ್ಮನಿಗೆ ಇದು ಮೆಣಸಿನ ಬಳ್ಳಿಯ ತೋಟದಂತೆ ಕಂಡಿತ್ತು. ಈ ಗಿಡ್ಡತನದ ಮೂಲ ಬುಡದಲ್ಲಿದೆ. ಸೇಬಿನ ಗಿಡವೆಂದರೆ ಎರಡು ಗಿಡ. ಮೇಲಿನದು ಹಣ್ಣಿನ ಜಾತಿ, ಕೆಳಗಿನದು ಬೇರಿನ ಜಾತಿ, ಎರಡನ್ನೂ ಕಸಿ ಮಾಡಿ ಕೂಡಿಸಿರುತ್ತಾರೆ. ನೆಲದಿಂದ ಗೇಣೆತ್ತರದಲ್ಲಿ ಆ ಗಂಟು ಕಾಣುತ್ತದೆ. ಮರ ಎಷ್ಟು ಎತ್ತರ ಹೋಗಬೇಕು ಎಂದು ತೀರ್ಮಾನಿಸುವುದು ಬಹುಮಟ್ಟಿಗೆ ಕೆಳಗಿನ ಬೇರು. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಿಂದ ಬಂದ ಎಮ್9 ಎಂಬ ಬೇರಿಗೆ ಕಸಿಮಾಡಿದ ಗಿಡ ಹತ್ತು ಅಡಿಯ ಆಸುಪಾಸಿಗೆ ನಿಲ್ಲುತ್ತದೆ, ಎರಡು-ಮೂರು ವರ್ಷದಲ್ಲೇ ಫಲ ಕೊಡುತ್ತದೆ. ಬೇರು ಗಟ್ಟಿಯಿಲ್ಲವಾದ್ದರಿಂದ ಊರೆಗೋಲು ಬೇಕು. ಗಿಡ್ಡ ಗಿಡ ಬಂದದ್ದರಿಂದ ಏಣಿ ತಪ್ಪಿತು, ಅಜ್ಜಿಯರೂ ಮಕ್ಕಳೂ ನೆಲದಲ್ಲಿ ನಿಂತೇ ಕೊಯ್ಯುವಂತಾಯಿತು. ಹಳೆಯ ದೊಡ್ಡ ಮರ ಉಳಿಸಿಕೊಂಡ ತೋಟಗಳಲ್ಲಿ ದೋಟಿ ಕೊಡುತ್ತಾರೆ. ತುದಿಯಲ್ಲಿ ಬಲೆಯ ಬದಲು ತಂತಿಯ ಬುಟ್ಟಿ, ಅಷ್ಟೇ ವ್ಯತ್ಯಾಸ.

ಒಂದೇ ತೋಟದಲ್ಲಿ ಇಪ್ಪತ್ತು ಜಾತಿ ಇಡುವುದು ನಮ್ಮ ಖುಷಿಗೆ ಮಾತ್ರವಲ್ಲ. ಸೇಬಿನ ಹೂವು ತನ್ನದೇ ಜಾತಿಯ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಮ್ಯಾಕಿಂಟಾಶ್‌ಗೆ ಪಕ್ಕದಲ್ಲಿ ಕಾರ್ಟ್‌ಲ್ಯಾಂಡೋ ಎಂಪೈರೋ ಹೂಬಿಟ್ಟಿರಬೇಕು, ನಡುವೆ ಜೇನು ಓಡಾಡಬೇಕು. ಮೇ ತಿಂಗಳಲ್ಲಿ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತಂದಿಡುತ್ತಾರೆ. ಒಂದು ಕುಚ್ಚಿಗೆ ಐದಾರು ಹೂ. ಅಷ್ಟೂ ಕಾಯಾದರೆ ನೆಲ್ಲಿಕಾಯಿ ಗಾತ್ರದ ಸೇಬು ಬಂದೀತು. ಅಲ್ಲದೆ ಎಳೆಕಾಯಿಗಳ ಬೀಜದಿಂದ ಹರಿಯುವ ರಾಸಾಯನಿಕ ಸಂದೇಶ ಮುಂದಿನ ವರ್ಷದ ಮೊಗ್ಗನ್ನು ತಡೆಯುತ್ತದೆ. ನಮ್ಮ ಮಾವು ಒಂದು ವರ್ಷ ಹೊರಲಾರದಷ್ಟು ಹೊತ್ತು ಮರುವರ್ಷ ಸುಮ್ಮನೆ ನಿಲ್ಲುತ್ತದಲ್ಲ, ಹಾಗೆ. ಅದಕ್ಕೇ ಜೂನ್ ಹೊತ್ತಿಗೆ ಕುಚ್ಚಿಗೊಂದು ಕಾಯಿ ಉಳಿಸಿ ಮಿಕ್ಕದ್ದನ್ನು ಕಿತ್ತೆಸೆಯುತ್ತಾರೆ. ಆ ಕೆಲಸವನ್ನು ಯಾರೂ ಚೀಲ ಕೊಂಡು ಮಾಡಿಕೊಡುವುದಿಲ್ಲ.

ಅಮ್ಮ ಒಂದು ಮಕೌನ್ ತಿಂದು ಬೀಜವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡಳು. ಸಾಗರದ ಹಿತ್ತಲಲ್ಲಿ ಹಾಕುತ್ತೇನೆ ಎಂದು. ಎರಡು ಕಾರಣಕ್ಕೆ ಆಗುವುದಿಲ್ಲ. ಹೆಚ್ಚಿನ ಸೇಬಿನ ತಳಿಗಳಿಗೆ ಮೊಗ್ಗು ಒಡೆಯಬೇಕಾದರೆ ಮೊದಲು ಸುಮಾರು 800ರಿಂದ 1,200 ಗಂಟೆ ಏಳು ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಮಲೆನಾಡಿನ ಮಾಗಿ ಎಷ್ಟೇ ಕೊರೆದರೂ ಅದರ ಹತ್ತಿರಕ್ಕೂ ಬರುವುದಿಲ್ಲ. (ಕಡಿಮೆ ಚಳಿಗೆ ಒಗ್ಗುವ, ಹಿಮಾಚಲದ ಬಿಲಾಸ್ಪುರದ ರೈತ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಮ್‌ಎನ್-99 ತಳಿಯನ್ನು ಕರ್ನಾಟಕದಲ್ಲೂ ಕೆಲವರು ನೆಟ್ಟಿದ್ದಾರೆ. ಅದು ಬೇರೆ ಕಥೆ.) ಎರಡನೆಯದು, ಸೇಬಿನ ಬೀಜದಿಂದ ಅದೇ ಸೇಬು ಬರುವುದೇ ಇಲ್ಲ. ಹಣ್ಣಿನಲ್ಲಿ ಐದು ಬೀಜವಿದ್ದರೆ ಐದೂ ಬೇರೆ ಬೇರೆ ಮಕ್ಕಳು. ಹೆಚ್ಚಿನವು ಹುಳಿ, ಒಗರು.

ಅಮೆರಿಕದ ಮಕ್ಕಳ ಪುಸ್ತಕಗಳಲ್ಲೆಲ್ಲ ಬರುವ ಜಾನಿ ಆಪಲ್‌ಸೀಡ್ ಹುಟ್ಟಿದ್ದು ಇಲ್ಲೇ ಪಕ್ಕದ ಲೆಮಿನ್‌ಸ್ಟರ್‌ನಲ್ಲಿ, 1774ರಲ್ಲಿ. ನಿಜವಾದ ಹೆಸರು ಜಾನ್ ಚಾಪ್‌ಮನ್. ಕಸಿ ಮಾಡುವುದು ಮರಕ್ಕೆ ಕೊಡುವ ಹಿಂಸೆ ಎಂದು ನಂಬಿದ್ದ ಅವನು ಪಶ್ಚಿಮದ ಹೊಸ ನೆಲದಲ್ಲೆಲ್ಲ ಬೀಜದಿಂದಲೇ ಸಸಿಮಡಿ ಮಾಡುತ್ತ ಹೋದ. ಆ ಮರಗಳ ಹಣ್ಣು ಹೆಚ್ಚಾಗಿ ಹೋದದ್ದು ತಿನ್ನುವುದಕ್ಕಲ್ಲ, ಹುಳಿಸಿ ಕುಡಿಯುವುದಕ್ಕೆ. ಮಕ್ಕಳ ಪುಸ್ತಕದಲ್ಲಿ ಇದನ್ನು ಬರೆಯುವುದಿಲ್ಲ.

ಕಸಿಯ ಗಿಡವಾಗಿ ಹೋದ ಅಮೆರಿಕದ ಸೇಬು ಮಾತ್ರ ಸಾಗರದ ಪೇಟೆಯವರೆಗೂ ಬಂದಿದೆ. ಅಯೋವಾದ ರೈತ ಜೆಸ್ಸಿ ಹಯಾಟ್‌ನ ತೋಟದಲ್ಲಿ ತಾನಾಗಿ ಹುಟ್ಟಿದ ಒಂದು ಸಸಿಯೇ ರೆಡ್ ಡಿಲಿಷಸ್. ಅದನ್ನು ಕೊಂಡು ಬೆಳೆಸಿದ್ದು ಸ್ಟಾರ್ಕ್ ಬ್ರದರ್ಸ್ ನರ್ಸರಿ. ಫಿಲಡೆಲ್ಫಿಯಾದ ಸಿರಿವಂತರ ಮನೆಯ ಹುಡುಗ ಸ್ಯಾಮ್ಯುಯಲ್ ಸ್ಟೋಕ್ಸ್ 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದು, ಶಿಮ್ಲಾದ ಮೇಲಿನ ಕೋಟ್‌ಗಢದಲ್ಲಿ ನೆಲೆಸಿ, 1916ರಲ್ಲಿ ಆ ನರ್ಸರಿಯ ಗಿಡಗಳನ್ನು ತರಿಸಿ ನೆಟ್ಟರು. ಆಮೇಲೆ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು, ಸತ್ಯಾನಂದ ಎಂದು ಹೆಸರು ಬದಲಿಸಿಕೊಂಡರು. ನಾವು ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಾತ್ರ ತಿಂದ ‘ಸಿಮ್ಲಾ ಸೇಬು’ ಆ ಗಿಡಗಳ ವಂಶದ್ದು. ಅಕ್ಟೋಬರಿನಲ್ಲಿ ಬೋಲ್ಟನ್ನಿನ ಗುಡ್ಡದಲ್ಲಿ ರೆಡ್ ಡಿಲಿಷಸ್ ಸಾಲಿಗೆ ಇಲ್ಲಿನವರು ಯಾರೂ ತಿರುಗಿ ನೋಡುವುದಿಲ್ಲ, ಅದು ಹಿಟ್ಟುಹಿಟ್ಟು ಎನ್ನುತ್ತಾರೆ. ಅಮ್ಮ ಅಲ್ಲಿಂದ ಕದಲಲಿಲ್ಲ. ‘ಇದೇ ಅಲ್ವೇನೇ ನಿನ್ನ ಅಪ್ಪ ಶಿವಮೊಗ್ಗದಿಂದ ತರ್ತಿದ್ದಿದ್ದು!’ ಮರದಿಂದ ಆಗಷ್ಟೇ ಕೊಯ್ದ ರೆಡ್ ಡಿಲಿಷಸ್ ಹಿಟ್ಟಾಗಿರುವುದಿಲ್ಲ ಎಂದು ನನಗೂ ಆವತ್ತೇ ಗೊತ್ತಾದದ್ದು.

ಕೆಳಗೆ ಬಿದ್ದದ್ದು, ಮೇಲೆ ತೂಗುವುದು

ನೆಲದಲ್ಲಿ ಬಿದ್ದ ಒಳ್ಳೊಳ್ಳೆಯ ಹಣ್ಣನ್ನು ಬಿಟ್ಟು ಬರಲು ನಮ್ಮವರಿಗೆ ಹೊಟ್ಟೆ ಉರಿಯುತ್ತದೆ. ಬಿಡಿ. ರಾತ್ರಿ ಜಿಂಕೆ ಮೇಯುವ ನೆಲ ಅದು, ಅವುಗಳ ಹಿಕ್ಕೆಯಿಂದ ಇ. ಕೋಲಿ ತಗಲಬಹುದು. 1996ರಲ್ಲಿ ಪಾಶ್ಚರೀಕರಿಸದ ಸೇಬಿನ ರಸದಿಂದ ಸೋಂಕು ಹರಡಿ ಮಗುವೊಂದು ತೀರಿಕೊಂಡಿತು. ಅಂಥ ರಸಕ್ಕೆ ಎಚ್ಚರಿಕೆಯ ಚೀಟಿ ಅಂಟಿಸುವುದು 1998ರಿಂದ ಕಡ್ಡಾಯವಾಯಿತು. ತೋಟದ ಅಂಗಡಿಯಲ್ಲಿ ‘ಸೈಡರ್’ ಎಂದು ಮಾರುವ ಕಂದು ರಸದಲ್ಲಿ ಮದ್ಯವಿಲ್ಲ, ಅದು ಸೋಸದ ಸಿಹಿ ರಸ. ಮದ್ಯವಿರುವುದಕ್ಕೆ ‘ಹಾರ್ಡ್ ಸೈಡರ್’ ಎನ್ನುತ್ತಾರೆ. ಮಕ್ಕಳಿಗೂ ಬಸುರಿಯರಿಗೂ ಕೊಡುವ ಮುನ್ನ ಪಾಶ್ಚರೀಕರಿಸಿದ್ದೇ ಎಂದು ಡಬ್ಬದ ಮೇಲೆ ಓದಿಕೊಳ್ಳಿ. ಬಿದ್ದು ಕೊಳೆತ ಹಣ್ಣಿನ ಸುತ್ತ ಕಣಜದ ಹುಳಗಳೂ ಇರುತ್ತವೆ. ಸೈಡರಿನ ಲೋಟದೊಳಗೆ ಒಂದು ಕೂತಿದೆಯೇ ಎಂದು ನೋಡಿ ಕುಡಿಯಬೇಕು.

ಮರದಲ್ಲಿ ಸೇಬಿನ ನಡುವೆ ಅಂಟು ಬಳಿದ ಕೆಂಪು ಚೆಂಡುಗಳು ತೂಗುವುದನ್ನು ಮಕ್ಕಳು ಮುಟ್ಟಿ ಕೈ ಕೆಡಿಸಿಕೊಳ್ಳುತ್ತಾರೆ. ಅವು ಸೇಬಿನ ನೊಣಕ್ಕೆ ಇಟ್ಟ ಬಲೆ. ಮೊಟ್ಟೆಯಿಡಲು ಚೆಂದದ ಹಣ್ಣು ಹುಡುಕುವ ನೊಣ ಕಣ್ಣಿನಿಂದ ಮೋಸಹೋಗುತ್ತದೆ ಎಂದು ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ರೊನಾಲ್ಡ್ ಪ್ರೊಕೋಪಿ ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದರು. ಚೆಂಡಿಗೆ ಎಷ್ಟು ನೊಣ ಅಂಟಿದೆ ಎಂದು ಎಣಿಸಿ, ಹೆಚ್ಚಾದರೆ ಮಾತ್ರ ಔಷಧ ಹೊಡೆಯುತ್ತಾರೆ. ಹೊಡೆಯುವುದೇ ಇಲ್ಲವೇ ಎಂದರೆ, ಹೊಡೆಯುತ್ತಾರೆ. ಈ ಒದ್ದೆ ಹವೆಯಲ್ಲಿ ಹುರುಕು ರೋಗ, ಹುಳುಗಳ ನಡುವೆ ಪೂರ್ತಿ ಸಾವಯವ ಸೇಬು ಬೆಳೆಯುವುದು ಬಹಳ ಕಷ್ಟ. ಹಗ್ಗ ಕಟ್ಟಿ ಮುಚ್ಚಿದ ಸಾಲಿಗೆ ನುಸುಳಬೇಡಿ. ಅಲ್ಲಿ ಹಣ್ಣಾಗಿಲ್ಲ ಎಂದಿರಬಹುದು, ಈಚೆಗೆ ಔಷಧ ಹೊಡೆದಿದ್ದಾರೆ ಎಂದೂ ಇರಬಹುದು. ಆದರೆ ಹಣ್ಣಿನ ಮೇಲೆ ಬೂದಿ ಹಚ್ಚಿದಂತೆ ಕಾಣುವ ಮಬ್ಬು ಔಷಧವಲ್ಲ, ಸೇಬು ತಾನೇ ಹೊದ್ದುಕೊಂಡ ಮೇಣ. ಪಂಚೆಗೆ ಉಜ್ಜಿದರೆ ಫಳಫಳ. ತಿನ್ನುವ ಮುಂಚೆ ತೊಳೆಯಿರಿ, ಇಡುವ ಮುಂಚೆ ತೊಳೆಯಬೇಡಿ.

ಇನ್ನೊಂದು ಮಾತು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಉಣುಗು. ಕ್ಯಾಸನೂರಿನ ಮಂಗನ ಕಾಯಿಲೆ ಹರಡುವ ಹುಳದ ದೂರದ ಬಂಧು ಇಲ್ಲಿಯೂ ಹುಲ್ಲಿನಲ್ಲಿದೆ. ಇಲ್ಲಿ ಅದು ತರುವುದು ಲೈಮ್ ಕಾಯಿಲೆ, ಪಕ್ಕದ ಕನೆಕ್ಟಿಕಟ್ ರಾಜ್ಯದ ಲೈಮ್ ಊರಿನಿಂದ ಬಂದ ಹೆಸರು. ಪೂರ್ತಿ ಪ್ಯಾಂಟು, ಕಾಲುಚೀಲ, ಮುಚ್ಚಿದ ಬೂಟು ಹಾಕಿ. ಸೀರೆಯಲ್ಲಿ ಬರುವ ಅಮ್ಮಂದಿರಿಗೂ ಒಳಗೊಂದು ಪೈಜಾಮ ಹಾಕಿಸಿ. ಮನೆಗೆ ಬಂದ ಮೇಲೆ ಮಕ್ಕಳ ಮೊಣಕಾಲಿನ ಹಿಂದೆ, ಕಂಕುಳು, ನೆತ್ತಿ ನೋಡಿ.

ಅಡುಗೆಮನೆಯಲ್ಲಿ

ಚೀಲ ಮನೆಗೆ ಬಂದ ಮೇಲೆ ಜಾತಿ ಬೇರೆ ಮಾಡಿ, ಹೆಸರು ಬರೆದಿಡಿ. ಒಂದೊಂದಕ್ಕೂ ಒಂದೊಂದು ಕೆಲಸ. ಮ್ಯಾಕಿಂಟಾಶ್ ಒಲೆ ಕಂಡೊಡನೆ ಕರಗಿ ಮುದ್ದೆಯಾಗುತ್ತದೆ. ಹೋಳು ನಿಲ್ಲಬೇಕಾದ ಕಡೆಗೆ ಅದು ಬೇಡ, ಬೆಲ್ಲ, ಏಲಕ್ಕಿ ಹಾಕಿ ಕೆದಕಿದರೆ ಹಲ್ವದ ಹದಕ್ಕೆ ಬರುತ್ತದೆ. ಕಾರ್ಟ್‌ಲ್ಯಾಂಡ್ ಹೆಚ್ಚಿಟ್ಟರೆ ಬೇಗ ಕಪ್ಪಾಗುವುದಿಲ್ಲ, ಕೋಸಂಬರಿಗೆ ಹೇಳಿಮಾಡಿಸಿದ್ದು. ಹನಿಕ್ರಿಸ್ಪ್ ಕಚ್ಚಿ ತಿನ್ನಲಿಕ್ಕೆ. ಮಿನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ಈ ತಳಿಯ ಜೀವಕೋಶಗಳು ದೊಡ್ಡವು, ಹಲ್ಲಿಗೆ ಸಿಕ್ಕೊಡನೆ ಒಡೆದು ರಸ ಚಿಮ್ಮುತ್ತದೆ. ಬೇಯಿಸಿ ಹಾಳುಮಾಡಬೇಡಿ, ದುಬಾರಿ ಬೇರೆ. ಹಳೆಯ ತೋಟದಲ್ಲಿ ರೋಡ್ ಐಲೆಂಡ್ ಗ್ರೀನಿಂಗ್ ಎಂಬ ಹಸಿರು ಹುಳಿ ಸೇಬು ಸಿಕ್ಕರೆ ಅದೃಷ್ಟ. ತುರಿದು, ಸಾಸಿವೆ-ಕಾಯಿ ರುಬ್ಬಿ ಹಾಕಿದರೆ ಮಾವಿನಕಾಯಿ ಚಿತ್ರಾನ್ನವೇ. ಅದು ಸಿಗದ ಕಡೆ ಅಂಗಡಿಯ ಗ್ರ್ಯಾನಿ ಸ್ಮಿತ್‌ನಿಂದ ಅಮೆರಿಕದ ಕನ್ನಡದ ಮನೆಗಳು ಯುಗಾದಿಯನ್ನೂ ಉಪ್ಪಿನಕಾಯಿಯನ್ನೂ ಸುಧಾರಿಸಿಕೊಂಡು ಬಂದಿವೆ. ಅಪ್ಪೆಮಿಡಿಯ ಕಂಪು ಅದಕ್ಕಿಲ್ಲ ಎಂದು ಅಮ್ಮ ಪ್ರತಿ ತುತ್ತಿಗೂ ಹೇಳಿದಳು, ಪ್ರತಿ ತುತ್ತಿಗೂ ನಂಚಿಕೊಂಡಳು.

ಮೇಜಿನ ಮೇಲೆ ಬುಟ್ಟಿಯಲ್ಲಿಟ್ಟರೆ ಚೆಂದ ಕಾಣುತ್ತದೆ, ವಾರದಲ್ಲಿ ಮೆತ್ತಗಾಗುತ್ತದೆ. ಕೊಯ್ದ ಮೇಲೂ ಸೇಬು ಉಸಿರಾಡುತ್ತದೆ, ತನ್ನನ್ನೇ ಮಾಗಿಸುವ ಎಥಿಲೀನ್ ಅನಿಲ ಬಿಡುತ್ತದೆ. ತಣ್ಣಗಾದಷ್ಟೂ ಈ ಕೆಲಸ ನಿಧಾನ. ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ, ಸಣ್ಣ ತೂತಿರುವ ಪ್ಲಾಸ್ಟಿಕ್ ಚೀಲದಲ್ಲಿ ಇಡಿ. ಕ್ಯಾರೆಟ್ ಪಕ್ಕದಲ್ಲಿ ಬೇಡ, ಈ ಅನಿಲ ತಾಗಿದರೆ ಕ್ಯಾರೆಟ್ ಕಹಿಯಾಗುತ್ತದೆ. ಸೊಪ್ಪೂ ಬೇಗ ಹಳದಿಯಾಗುತ್ತದೆ. ಅದೇ ಅನಿಲಕ್ಕೆ ಕಾಯಿಬಾಳೆ ಜೊತೆಗಿಟ್ಟರೆ ಎರಡು ದಿನದಲ್ಲಿ ಹಣ್ಣು. ಬೇಗ ಕೊಯ್ಲಿಗೆ ಬರುವ ಜಾತಿಗಳು ಬೇಗ ಮೆತ್ತಗಾಗುತ್ತವೆ, ಪಾಲಾ ರೆಡ್, ಮ್ಯಾಕಿಂಟಾಶ್ ಮೊದಲು ಮುಗಿಸಿ. ಫೂಜಿ ಸಂಕ್ರಾಂತಿಯವರೆಗೆ ಕಾಯುತ್ತದೆ. ತೊಟ್ಟು ಕಿತ್ತುಹೋದದ್ದು, ತರಚಿದ್ದು, ಮಕ್ಕಳು ಒಂದು ಕಚ್ಚು ಕಚ್ಚಿ ಚೀಲಕ್ಕೆ ಹಾಕಿದ್ದು, ಇವು ಆವತ್ತೇ ಒಲೆಗೆ. ವಾರಕ್ಕೊಂದು ಸಲ ಡ್ರಾಯರ್ ಎಳೆದು, ಪ್ರತಿ ಹಣ್ಣಿನ ತೊಟ್ಟಿನ ಗುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಮೆತ್ತಗೆ ಒಳಗಿಳಿದರೆ ಆ ಒಂದನ್ನು ತೆಗೆದುಬಿಡಿ, ಉಳಿದವನ್ನು ಒಣಬಟ್ಟೆಯಲ್ಲಿ ಒರೆಸಿ ಒಳಗೆ ತಳ್ಳಿ.